ಚಿಕ್ಕಮ್ಮನ ಹಪ್ಪಳ ಗೂಗಲ್ಲಲ್ಲಿ ಯಾಕೆ ಸಿಗುದಿಲ್ಲ?

ಹೋದ ವರ್ಷ ಮಾರ್ಚಿನಲ್ಲಿ ಕಾಸರಗೋಡಿನ ಪೆರ್ಲದ ಚಿಕ್ಕಮ್ಮ ಫೋನ್ ಮಾಡಿದ್ರು. "ವೆಬ್‌ಸೈಟ್ ಮಾಡಿಸಿ ಎಂಟು ತಿಂಗಳಾಯ್ತು ಮಾರಾಯ, ಅದರಿಂದ ಒಂದು ಕಟ್ಟು ಹಪ್ಪಳ ಸಹ ಹೋಗ್ಲಿಲ್ಲ, ಗೂಗಲ್ಲಲ್ಲಿ ಹಾಕಿದ್ರೆ ನಮ್ಮದು ಬಿಟ್ಟು ಊರಿನವರದ್ದೆಲ್ಲ ಬರ್ತದೆ, ಎಂತ ಆಗಿದೆ ಅಂತ ಒಂದು ನೋಡು" ಅಂತ. ಅವರು ಮಾರುದು ಹಲಸಿನ ಹಪ್ಪಳ, ಸಾಂತಾಣಿ (ಉಪ್ಪು ಹಾಕಿ ಒಣಗಿಸಿದ ಹಲಸಿನ ಬೀಜ), ಮಾಂಬಳ (ಒಣಗಿಸಿದ ಮಾವಿನ ಹಣ್ಣಿನ ರಸ), ಮತ್ತೆ ಗಾಣದ ತೆಂಗಿನೆಣ್ಣೆ. ಸೈಟ್ ಮಾಡಿಕೊಟ್ಟವರು ಬೇರೆ ಯಾರೋ, ಅದ್ರ ಮೇಲೆ ಎಸ್‌ಇಒ ಪ್ಯಾಕೇಜ್ ಅಂತ, ಅಂದ್ರೆ ಗೂಗಲ್ಲಲ್ಲಿ ಹುಡುಕಿದವರಿಗೆ ಸೈಟ್ ಮೇಲೆ ಕಾಣುವ ಹಾಗೆ ಮಾಡುವ ಕೆಲಸಕ್ಕೆ, ಪ್ರತ್ಯೇಕ ದುಡ್ಡು ಸಹ ತಗೊಂಡಿದ್ರು. ಎಸ್‌ಇಒ ಅಂದ್ರೆ ಎಂತ ಅಂತ ಕೇಳಿದ್ರೆ ಚಿಕ್ಕಮ್ಮನಿಗೆ ಗೊತ್ತಿಲ್ಲ, ದುಡ್ಡು ತಗೊಂಡವರಿಗೂ ಗೊತ್ತಿತ್ತಾ ಅಂತ ನನಗೆ ಡೌಟ್.

ಮೊದ್ಲು ಗೂಗಲ್ ಕೆಲಸ ಮಾಡುದು ಹೇಗೆ ಅಂತ ಹೇಳ್ತೇನೆ, ಅದು ಗೊತ್ತಾದ್ರೆ ಮತ್ತೆದ್ದು ಅರ್ಧ ತನ್ನಿಂದ ತಾನೇ ಗೊತ್ತಾಗ್ತದೆ. ನಮ್ಮ ವೋಟರ್ಸ್ ಲಿಸ್ಟ್ ಉಂಟಲ್ಲ, ಹೆಚ್ಚುಕಮ್ಮಿ ಅದೇ. ನೀವು ಗುಡ್ಡೆ ಮೇಲೆ ಚಂದದ ಮನೆ ಕಟ್ಟಿ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದೀರಿ, ಆದ್ರೆ ಲಿಸ್ಟಿನಲ್ಲಿ ಹೆಸರಿಲ್ಲದಿದ್ರೆ ಬೂತಿನಲ್ಲಿ ನೀವು ಇಲ್ಲವೇ ಇಲ್ಲ. ಮನೆ ಮನೆಗೆ ಬರುವ ಬಿಎಲ್‌ಒ ಹಾಗೆ ಗೂಗಲ್ಲಿಗೆ ಗೂಗಲ್‌ಬಾಟ್ ಅಂತ ಒಂದು ಪ್ರೋಗ್ರಾಮ್ ಉಂಟು, ಅದು ಒಂದು ಪೇಜಿನಿಂದ ಇನ್ನೊಂದು ಪೇಜಿಗೆ ಲಿಂಕ್ ಹಿಡ್ಕೊಂಡು ನಡೀತದೆ, ಪಕ್ಕದ ಮನೆ ಅಂಗಳದಿಂದ ನಿಮ್ಮ ಅಂಗಳಕ್ಕೆ ದಾರಿ ಇದ್ರೆ ಬರ್ತದೆ, ದಾರಿಯೇ ಇಲ್ಲದಿದ್ರೆ ನೀವು ಅಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಾಗುದು ಹೇಗೆ. ದಾರಿ ಇಲ್ಲದವರು ತಾವೇ ಅರ್ಜಿ ಕೊಡಬಹುದು, ಅದಕ್ಕೆ ಸೈಟ್‌ಮ್ಯಾಪ್ ಅಂತಾರೆ, ನಿಮ್ಮ ಸೈಟಿನ ಎಲ್ಲ ಪೇಜುಗಳ ವಿಳಾಸದ ಒಂದು ಪಟ್ಟಿ ಅಷ್ಟೇ. ಬಂದು ನೋಡಿದ ಮೇಲೆ ಸಹ ಲಿಸ್ಟಿಗೆ ಸೇರಿಸ್ತದೆ ಅಂತ ಇಲ್ಲ, "ಇದರಲ್ಲಿ ಹೊಸತೇನೂ ಇಲ್ಲ" ಅಂತ ಕಂಡ್ರೆ ಬಿಟ್ಟು ಹೋಗ್ತದೆ. ಮತ್ತೆ ಯಾರಾದ್ರೂ ಹುಡುಕುವಾಗ ಗೂಗಲ್ ಇಂಟರ್ನೆಟ್ಟೆಲ್ಲ ಸುತ್ತುದಿಲ್ಲ, ಮೊದ್ಲೇ ಬರೆದಿಟ್ಟ ಆ ಲಿಸ್ಟನ್ನು ಮಗುಚಿ ನೋಡಿ, ಯಾವುದು ಮೇಲೆ ಯಾವುದು ಕೆಳಗೆ ಅಂತ ಆ ಕ್ಷಣಕ್ಕೆ ತೀರ್ಮಾನ ಮಾಡ್ತದೆ. ಬರುದು, ಬರ್ಕೊಳ್ಳುದು, ಸಾಲಲ್ಲಿ ನಿಲ್ಲಿಸುದು (ಇದಕ್ಕೆ ರ‍್ಯಾಂಕಿಂಗ್ ಅಂತಾರೆ), ಮೂರು ಬೇರೆ ಬೇರೆ ಕೆಲಸ. ನಿಮ್ಮ ಸೈಟ್ ಕಾಣುದಿಲ್ಲ ಅಂದ್ರೆ ಈ ಮೂರರಲ್ಲಿ ಯಾವುದರಲ್ಲಿ ತಪ್ಪಿದೆ ಅಂತ ಮೊದ್ಲು ನೋಡ್ಬೇಕು, ಅದನ್ನು ಬಿಟ್ಟು ನೇರ ಮೂರನೇದಕ್ಕೆ ದುಡ್ಡು ಸುರಿಯುವವರೇ ಜಾಸ್ತಿ.

ನೋಡುವ ರೀತಿ ತುಂಬಾ ಸುಲಭ. ಗೂಗಲ್ ಬಾಕ್ಸಿನಲ್ಲಿ ಇಂಗ್ಲಿಷಲ್ಲಿ ಸೈಟ್ ಅಂತ ಬರೆದು ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟಿನ ವಿಳಾಸ ಹಾಕಿ. ನಿಮ್ಮ ಪೇಜುಗಳು ಬಂದ್ರೆ ಲಿಸ್ಟಿನಲ್ಲಿ ಉಂಟು. ಚಿಕ್ಕಮ್ಮನದ್ದು ಹಾಕಿದೆ, ಒಂದೂ ಬರ್ಲಿಲ್ಲ, ಸೊನ್ನೆ. ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರಿನಲ್ಲಿ ಮಾಡಿದ್ದಾದ ಕಾರಣ ಒಳಗೆ ಹೋಗಿ ಸೆಟ್ಟಿಂಗ್ಸಿನಲ್ಲಿ ರೀಡಿಂಗ್ ಅಂತ ಇರ್ತದಲ್ಲ ಅದನ್ನು ತೆಗೆದೆ, ಅಲ್ಲಿ ಸರ್ಚ್ ಇಂಜಿನ್‌ಗಳು ಬರುದು ಬೇಡ ಅಂತ ಹೇಳುವ ಒಂದು ಸಣ್ಣ ಚೌಕ ಉಂಟು, ಅದಕ್ಕೆ ಟಿಕ್ ಹಾಕಿಯೇ ಇತ್ತು! ಸೈಟ್ ಮಾಡುವಾಗ ಅರ್ಧಂಬರ್ಧ ಇರುವುದು ಯಾರಿಗೂ ಕಾಣ್ಬಾರ್ದು ಅಂತ ಹಾಕ್ತಾರೆ, ಮುಗಿದ ಮೇಲೆ ತೆಗೀಲಿಕ್ಕೆ ಮರೀತಾರೆ. ಎಂಟು ತಿಂಗಳು ಎಸ್‌ಇಒ ದುಡ್ಡು ಕೊಟ್ಟದ್ದು ಆ ಒಂದು ಟಿಕ್ಕಿನ ಎದುರಿಗೆ. ಚಿಕ್ಕಮ್ಮನಿಗೆ ಹೇಳಿದಾಗ ಅವರು ಹೇಳಿದ್ದನ್ನು ಇಲ್ಲಿ ಬರೀಲಿಕ್ಕೆ ಆಗುದಿಲ್ಲ.

ಇಲ್ಲಿ ಒಂದು ವಿಷಯ ಹೇಳ್ಲೇಬೇಕು, ಗೊತ್ತಿದ್ದವರು ಸಹ ಇದರಲ್ಲಿ ಎಡವುತ್ತಾರೆ. ಗೂಗಲ್‌ಬಾಟನ್ನು ತಡೀಲಿಕ್ಕೆ ಎರಡು ದಾರಿ ಉಂಟು. ರೋಬೋಟ್ಸ್ ಫೈಲ್ ಅಂತ ಒಂದು, ಅದು ಗೇಟಿಗೆ ನೇತು ಹಾಕುವ "ಒಳಗೆ ಬರಬೇಡಿ" ಬೋರ್ಡ್. ನೋಇಂಡೆಕ್ಸ್ ಅಂತ ಇನ್ನೊಂದು, ಅದು ಮನೆಯ ಒಳಗೆ ಮೇಜಿನ ಮೇಲೆ ಇಟ್ಟ "ನನ್ನ ಹೆಸರು ಲಿಸ್ಟಿಗೆ ಸೇರಿಸ್ಬೇಡಿ" ಅನ್ನುವ ಚೀಟಿ. ಗೇಟಿನ ಬೋರ್ಡ್ ನೋಡಿ ಬಿಎಲ್‌ಒ ಒಳಗೆ ಬರುದಿಲ್ಲ ಸರಿ, ಆದ್ರೆ ನೆರೆಮನೆಯವರು "ಅಲ್ಲಿ ಇಂಥವರು ಇದ್ದಾರೆ" ಅಂತ ಹೇಳಿದ್ರೆ ಹೆಸರು ಮಾತ್ರ ಬರ್ಕೊಂಡು ಹೋಗ್ಬಹುದು, ಹಾಗೆಯೇ ಬೋರ್ಡ್ ಹಾಕಿದ ಪೇಜ್ ಸಹ ಬೇರೆಯವರ ಲಿಂಕಿನಿಂದ ಗೂಗಲ್ಲಲ್ಲಿ ಕಾಣಬಹುದು, ವಿವರ ಒಂದೂ ಇಲ್ಲದೆ ಬೋಳು ಬೋಳಾಗಿ. ಎರಡನ್ನೂ ಒಟ್ಟಿಗೆ ಹಾಕಿದ್ರೆ ಇನ್ನೂ ತಮಾಷೆ, ಗೇಟಲ್ಲೇ ನಿಲ್ಲಿಸಿದ ಮೇಲೆ ಒಳಗಿನ ಚೀಟಿ ಓದುದು ಯಾರು? ಅದಕ್ಕೆ ಕಾಣ್ಲೇಬಾರ್ದು ಅಂತ ಇರುವ ಪೇಜಿಗೆ ಗೇಟ್ ತೆರೆದಿಡಿ, ಚೀಟಿ ಮಾತ್ರ ಇಡಿ.

ಟಿಕ್ ತೆಗೆದು, ಗೂಗಲ್ ಸರ್ಚ್ ಕನ್ಸೋಲಿನಲ್ಲಿ ಸೈಟ್ ಸೇರಿಸಿ, ಸೈಟ್‌ಮ್ಯಾಪ್ ಕೊಟ್ಟು, ಮುಖ್ಯ ಪೇಜುಗಳನ್ನು ಒಂದೊಂದಾಗಿ ನೋಡಿ ಅಂತ ರಿಕ್ವೆಸ್ಟ್ ಹಾಕಿದೆ. ಈ ಸರ್ಚ್ ಕನ್ಸೋಲ್ ಅಂದ್ರೆ ನಮ್ಮ ಸೈಟ್ ಗೂಗಲ್ಲಲ್ಲಿ ಹೇಗೆ ಉಂಟು ಅಂತ ಸೈಟಿನವರಿಗೆ ತೋರಿಸುವ ಜಾಗ, ಫ್ರೀ, ಗೂಗಲ್‌ನದ್ದೇ, ಮೊದ್ಲು ಇದಕ್ಕೆ ವೆಬ್‌ಮಾಸ್ಟರ್ ಟೂಲ್ಸ್ ಅಂತ ಹೆಸರಿತ್ತು, 2015ರಲ್ಲಿ ಬದಲಾಯ್ತು. ವೆಬ್‌ಸೈಟ್ ಇದ್ದವರು ಬೇರೆ ಯಾವುದು ಮಾಡದಿದ್ರೂ ಇದನ್ನು ಮಾಡಿ, ಮತ್ತೆ ಅದು ನಿಮ್ಮ ಜಿಮೇಲಿನಲ್ಲೇ ಇರ್ಲಿ, ಸೈಟ್ ಮಾಡಿಕೊಟ್ಟವರ ಜಿಮೇಲಿನಲ್ಲಿ ಬೇಡ. ಡೊಮೈನ್ ಹೆಸರು, ಅಂದ್ರೆ ಸೈಟಿನ ವಿಳಾಸ, ಅದು ಸಹ ಹಾಗೆಯೇ. ನಾಳೆ ಅವರು ಫೋನ್ ಎತ್ತದಿದ್ರೆ ಎಂತ ಮಾಡ್ತೀರಿ. ಪೇಜುಗಳು ಕಾಣ್ಲಿಕ್ಕೆ ಹತ್ತು ಹನ್ನೆರಡು ದಿವಸ ಹಿಡೀತು, ಕೆಲವಕ್ಕೆ ವಾರಗಟ್ಟಲೆ ಆಗ್ತದೆ, ಮತ್ತೆ ಮತ್ತೆ ರಿಕ್ವೆಸ್ಟ್ ಒತ್ತಿದ್ರೆ ಬೇಗ ಆಗುದಿಲ್ಲ.

ಲಿಸ್ಟಿಗೆ ಹೆಸರು ಬಂತು. ಆದ್ರೂ ಹಪ್ಪಳ ಅಂತ ಹುಡುಕಿದ್ರೆ ಚಿಕ್ಕಮ್ಮನದ್ದು ಎಲ್ಲಿಯೂ ಇಲ್ಲ. ಯಾಕಂತ ಕೇಳಿದ್ರೆ ಸೈಟಿನಲ್ಲಿ ಹಪ್ಪಳ ಅಂತ ಬರೆದೇ ಇರ್ಲಿಲ್ಲ! ಮೊದಲ ಪೇಜಿನ ಟೈಟಲ್ಲು "ಹೋಮ್". ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ "ಪರಂಪರೆಯ ರುಚಿ, ಪ್ರಕೃತಿಯ ಮಡಿಲಿಂದ". ಮತ್ತೆ ಕೆಳಗೆ ಒಂದು ಪೋಸ್ಟರ್, ಅದರಲ್ಲಿ ಎಲ್ಲಾ ಐಟಮಿನ ಹೆಸರು, ರೇಟು, ಫೋನ್ ನಂಬ್ರ. ಚಂದ ಉಂಟು, ಆದ್ರೆ ಪೋಸ್ಟರ್ ಅಂದ್ರೆ ಫೋಟೋ, ಫೋಟೋದ ಒಳಗಿನ ಅಕ್ಷರವನ್ನು ನಂಬಿ ಕೂತ್ಕೊಳ್ಳುದು ಬೇಡ, ಆ ಮಾತೆಲ್ಲ ಟೈಪ್ ಮಾಡಿಯೇ ಇರ್ಬೇಕು. ನಮ್ಮ ಕಡೆ ಬ್ರಹ್ಮಕಲಶದಿಂದ ಹಿಡಿದು ಯಕ್ಷಗಾನದವರೆಗೆ ಎಲ್ಲದಕ್ಕೂ ಪೋಸ್ಟರೇ, ವಾಟ್ಸಾಪಿಗೆ ಅದು ಸಾಕು, ವೆಬ್‌ಸೈಟಿಗೆ ಸಾಕಾಗುದಿಲ್ಲ. ಪರಂಪರೆಯ ರುಚಿ ಅಂತ ಯಾರು ಹುಡುಕ್ತಾರೆ ಹೇಳಿ. ಹಸಿವಾದವ ಹುಡುಕುದು ಹಪ್ಪಳ.

ನನ್ನ ಪ್ರಕಾರ ಎಸ್‌ಇಒದಲ್ಲಿ ಮುಕ್ಕಾಲು ಕೆಲಸ ಇಷ್ಟೇ, ನಾವು ವಸ್ತುವನ್ನು ಎಂತ ಕರೀತೇವೆ ಅನ್ನುದನ್ನು ಬಿಟ್ಟು ತಗೊಳ್ಳುವವ ಎಂತ ಕರೀತಾನೆ ಅನ್ನುದನ್ನು ತಿಳ್ಕೊಳ್ಳುದು. ಅದಕ್ಕೆ ದುಡ್ಡಿನ ಟೂಲ್ ಏನೂ ಬೇಡ. ಚಿಕ್ಕಮ್ಮನ ಹತ್ರ ಆರ್ಡರ್ ಬರೆಯುವ ಒಂದು ಪುಸ್ತಕ ಉಂಟು, ನಾನು ಒಂದು ಆದಿತ್ಯವಾರ ಹೋಗಿ ಕೂತು "ಫೋನ್ ಮಾಡುವವರು ಮೊದಲ ಮಾತು ಎಂತ ಕೇಳ್ತಾರೆ" ಅಂತ ಕೇಳಿ ಬರ್ಕೊಂಡೆ. ಬದಿಯಡ್ಕ, ಮುಳ್ಳೇರಿಯದವರು "ಹಲಸಿನ ಹಪ್ಪಳ ಉಂಟಾ" ಅಂತಾರೆ. ಬೆಂಗಳೂರಿನವರು "ಹಲಸಿನಕಾಯಿ ಹಪ್ಪಳ ಕೊರಿಯರ್ ಮಾಡ್ತೀರಾ" ಅಂತಾರೆ. ಕಾಞಂಗಾಡಿನವರು "ಚಕ್ಕ ಪಪ್ಪಡಂ". ಗಲ್ಫಿನಲ್ಲಿ ಇರುವವರು ಇಂಗ್ಲಿಷಲ್ಲಿ ಜ್ಯಾಕ್‌ಫ್ರೂಟ್ ಪಾಪಡ್. ಎಣ್ಣೆಯದ್ದು ಇನ್ನೂ ಮಜಾ, ನಾವು ಗಾಣದ ಎಣ್ಣೆ ಅಂದದ್ದನ್ನು ಮಲಯಾಳಿಗಳು "ಚಕ್ಕಿಲ್ ಆಟ್ಟಿಯ ವೆಳಿಚ್ಚೆಣ್ಣ" ಅಂತಾರೆ, ಅಲ್ಲಿ ಚಕ್ಕ್ ಅಂದ್ರೆ ಗಾಣ, ಇಲ್ಲಿ ಚಕ್ಕ ಅಂದ್ರೆ ಹಲಸು, ಕಂಪ್ಯೂಟರ್ ಬಿಡಿ ನಮಗೇ ಗಲಿಬಿಲಿ ಆಗುವ ಹಾಗೆ ಉಂಟು. ಮತ್ತೆ ಈಗಿನ ಮಕ್ಕಳು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೀತಾರೆ, ಅದನ್ನೂ ಒಂದು ಕಡೆ ಬರೆದಿಡ್ಬೇಕು.

ಆಮೇಲೆ ಒಂದೊಂದು ವಸ್ತುವಿಗೆ ಒಂದೊಂದು ಪೇಜ್ ಮಾಡಿದೆವು. ಟೈಟಲ್ಲಿಗೆ "ಹಲಸಿನ ಹಪ್ಪಳ, ಪೆರ್ಲ, ಕಾಸರಗೋಡು", ಇಷ್ಟೇ. ಒಳಗೆ ಮೊದಲ ಎರಡು ಸಾಲಿನಲ್ಲೇ ಇದು ಎಂತ, ಕಟ್ಟಿಗೆ ಎಷ್ಟು ಹಪ್ಪಳ, ರೇಟೆಷ್ಟು, ಕೊರಿಯರ್ ಉಂಟಾ ಇಲ್ವಾ. ಮತ್ತೆ ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ, ಎಷ್ಟು ತಿಂಗಳು ಇಡಬಹುದು, ಖಾರ ಉಂಟಾ, ಯಾವ ಎಣ್ಣೆಯಲ್ಲಿ ಕರೀಬೇಕು, ಕೆಂಡದಲ್ಲಿ ಸುಟ್ರೆ ಆಗ್ತದಾ. ಇದೆಲ್ಲ ಚಿಕ್ಕಮ್ಮ ಹೇಳಿದ್ದು, ನಾನು ಟೈಪ್ ಮಾಡಿದ್ದು. ಹೀಗೆ ಬರೆದ್ರೆ ಒಂದು ಲಾಭ ಎಂತ ಅಂದ್ರೆ ಯಾರು ಯಾವ ಮಾತಲ್ಲಿ ಹುಡುಕ್ತಾರೆ ಅಂತ ನಾವು ಮೊದ್ಲೇ ಊಹೆ ಮಾಡ್ಲಿಕ್ಕೆ ಆಗುದಿಲ್ಲ, ದಿನಾ ಬರುವ ಹುಡುಕಾಟದಲ್ಲಿ ಸುಮಾರು 15 ಪರ್ಸೆಂಟ್ ಮೊದ್ಲು ಒಂದು ಸಲವೂ ಯಾರೂ ಹುಡುಕದ್ದು ಅಂತ ಗೂಗಲ್ಲೇ ಹೇಳ್ತಾ ಬಂದಿದೆ. ವಿವರವಾಗಿ ಬರೆದ ಪೇಜ್ ಅಂಥದ್ದಕ್ಕೂ ಸಿಗ್ತದೆ.

ಹಾಗಂತ ಹಪ್ಪಳ ಹಪ್ಪಳ ಅಂತ ನಲವತ್ತು ಸಲ ತುರುಕ್ಲಿಕ್ಕೆ ಹೋಗ್ಬೇಡಿ, ಬಿಳಿ ಬ್ಯಾಕ್‌ಗ್ರೌಂಡಿನಲ್ಲಿ ಬಿಳಿ ಅಕ್ಷರದಲ್ಲಿ ಅಡಗಿಸುದು ಸಹ ಬೇಡ, ಅದೆಲ್ಲ ಹಳೇ ಕಾಲದ ಕಳ್ಳಾಟ, ಈಗ ಸಿಕ್ಕಿಬಿದ್ರೆ ಪೇಜೇ ಕೆಳಗೆ ಹೋಗ್ತದೆ. ಮೆಟಾ ಕೀವರ್ಡ್ಸ್ ಅಂತ ಒಂದು ಉಂಟು, ಪೇಜಿನ ಹಿಂದೆ ಕಾಣದ ಹಾಗೆ ಪದಗಳ ಪಟ್ಟಿ ಹಾಕುದು, ರ‍್ಯಾಂಕಿಂಗಿಗೆ ಅದನ್ನು ನೋಡುದಿಲ್ಲ ಅಂತ 2009ರಲ್ಲೇ ಗೂಗಲ್ ಹೇಳಿ ಆಗಿದೆ, ಚಿಕ್ಕಮ್ಮನ ಪ್ಯಾಕೇಜಿನಲ್ಲಿ ಮಾಡಿದ್ದ ಒಂದೇ ಒಂದು ಕೆಲಸ ಅದು. ಮೆಟಾ ಡಿಸ್ಕ್ರಿಪ್ಷನ್ ಬೇರೆ, ಅದು ಪೇಜಿನಲ್ಲಿ ಎಂತ ಉಂಟು ಅಂತ ಹೇಳುವ ಸಣ್ಣ ವಿವರ, ಅದು ಸಹ ನಿಮ್ಮನ್ನು ಮೇಲೆ ತರುದಿಲ್ಲ, ಆದ್ರೆ ರಿಸಲ್ಟಿನಲ್ಲಿ ಟೈಟಲ್ಲಿನ ಕೆಳಗೆ ಅದನ್ನು ತೋರಿಸುವ ಚಾನ್ಸ್ ಉಂಟು, ಓದಿದವನಿಗೆ ಒತ್ತುವ ಅಂತ ಅನಿಸ್ಬೇಕು, ಅಷ್ಟಕ್ಕೆ ಬರೀಬೇಕು.

ಕನ್ನಡ ಸೈಟಿನವರಿಗೆ ಮಾತ್ರ ಇರುವ ಒಂದು ತಲೆನೋವು ಉಂಟು. ಹಳೇ ನುಡಿ, ಬರಹದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಡಿಟಿಪಿ ಅಂಗಡಿಯಲ್ಲಿ ಇವತ್ತಿಗೂ ಅದು ನಡೀತದೆ. ಅದರಲ್ಲಿ ಕಣ್ಣಿಗೆ ಕಾಣುದು ಕನ್ನಡ, ಆದ್ರೆ ಒಳಗೆ ಇರುದು ತಲೆ ಮೇಲೆ ಗೆರೆ ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳು, ಫಾಂಟ್ ಅದಕ್ಕೆ ಕನ್ನಡದ ವೇಷ ಕಟ್ಟಿರ್ತದೆ ಅಷ್ಟೇ. ಗೂಗಲ್ ವೇಷ ನೋಡುದಿಲ್ಲ, ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಯೊಳಗೆ ಕೂತವನನ್ನು ನೋಡ್ತದೆ. ಹಾಗಾಗಿ ಆ ಪೇಜ್ ಕನ್ನಡ ಅಂತ ಅದಕ್ಕೆ ಗೊತ್ತೇ ಆಗುದಿಲ್ಲ. ಪರೀಕ್ಷೆ ಮಾಡುದು ಸುಲಭ, ಸೈಟಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಪೇಸ್ಟ್ ಮಾಡಿ, ಕನ್ನಡವೇ ಬಂದ್ರೆ ಯುನಿಕೋಡ್, ಅಂದ್ರೆ ಒಳಗೆ ಇರುದು ಸಹ ಕನ್ನಡ ಅಕ್ಷರವೇ, ಅಡ್ಡಾದಿಡ್ಡಿ ಬಂದ್ರೆ ಹಳೇ ಫಾಂಟ್. ಬದಲಾಯಿಸುವ ಕನ್ವರ್ಟರ್‌ಗಳು ಫ್ರೀ ಸಿಗ್ತವೆ, ಆದ್ರೆ ಬದಲಾಯಿಸಿದ ಮೇಲೆ ಒಮ್ಮೆ ಓದಿ, ಒತ್ತಕ್ಷರ ಅರ್ಕಾವತ್ತು ಅಲ್ಲಿ ಇಲ್ಲಿ ಹಾರಿ ಹೋಗಿರ್ತದೆ. ಹಳೇ ಪಿಡಿಎಫ್‌ಗಳಲ್ಲೂ ಇದೇ ಕಥೆ, ನಮ್ಮ ಎಷ್ಟೋ ಸಂಘದವರ ಸ್ಮರಣ ಸಂಚಿಕೆಗಳು ಇಂಟರ್ನೆಟ್ಟಲ್ಲಿ ಇದ್ದೂ ಇಲ್ಲದ ಹಾಗೆ ಆಗಿರುದು ಇದರಿಂದಲೇ.

ಪೇಜಿನ ವಿಳಾಸವನ್ನು ಕನ್ನಡದಲ್ಲಿ ಇಡಬಹುದಾ ಅಂತ ಕೇಳ್ತಾರೆ. ಇಡಬಹುದು, ಗೂಗಲ್ಲಿಗೆ ತೊಂದರೆ ಇಲ್ಲ. ಆದ್ರೆ ಕಾಪಿ ಮಾಡಿ ಕಳಿಸುವಾಗ ಕನ್ನಡದ ಒಂದೊಂದು ಚಿಹ್ನೆ ಪರ್ಸೆಂಟ್ ಗುರುತು ಸೇರಿ ಒಂಬತ್ತು ಅಕ್ಷರ ಆಗ್ತದೆ. ಹಪ್ಪಳ ಅನ್ನುದರಲ್ಲಿ ಹ, ಪ, ಅಕ್ಷರವನ್ನು ಅರ್ಧ ಮಾಡುವ ಹಲಂತ ಚಿಹ್ನೆ, ಇನ್ನೊಂದು ಪ, ಳ, ಒಟ್ಟು 5 ಚಿಹ್ನೆ, ಅಂದ್ರೆ 45 ಅಕ್ಷರದ ಬಾಲ. ವಾಟ್ಸಾಪಿನಲ್ಲಿ ಅದನ್ನು ಕಂಡವರು ವೈರಸ್ ಅಂತ ಒತ್ತುದೇ ಇಲ್ಲ. ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಗಿಡ್ಡಕ್ಕೆ ಇರ್ಲಿ ಅಂತ ನನ್ನ ಅಭಿಪ್ರಾಯ.

ಈಗ ಭಾಷೆಯ ವಿಷಯ, ನಮ್ಮ ಊರಿಗೆ ದೊಡ್ಡ ವಿಷಯ. 1956ರಿಂದ ನಾವು ಕೇರಳದಲ್ಲಿ, ಮಾತಾಡುದು ಕನ್ನಡ ತುಳು ಮಲಯಾಳ ಎಲ್ಲ. ಒಂದೇ ಪೇಜಿನಲ್ಲಿ ಮೂರು ಭಾಷೆ ಕಲಸಿ ಹಾಕಿದ್ರೆ ಗೂಗಲ್ಲಿಗೆ ಅದು ಯಾವ ಭಾಷೆಯ ಪೇಜ್ ಅಂತ ತೀರ್ಮಾನ ಆಗುದಿಲ್ಲ. ಕನ್ನಡಕ್ಕೆ ಒಂದು ಪೇಜ್, ಮಲಯಾಳಕ್ಕೆ ಒಂದು, ಇಂಗ್ಲಿಷಿಗೆ ಒಂದು, ಬೇರೆ ಬೇರೆ ವಿಳಾಸದಲ್ಲಿ. ಮತ್ತೆ ಎಚ್‌ರೆಫ್‌ಲ್ಯಾಂಗ್ ಅಂತ ಒಂದು ಗುರುತು ಹಾಕ್ಬೇಕು, ಇದೇ ಪೇಜಿನ ಮಲಯಾಳ ರೂಪ ಅಲ್ಲುಂಟು ಅಂತ ಹೇಳುದಕ್ಕೆ. ಅದು ಎರಡೂ ಕಡೆಯಿಂದ ಇರ್ಬೇಕು, ಕನ್ನಡದ್ದು ಮಲಯಾಳದ್ದನ್ನು ತೋರಿಸಿ ಮಲಯಾಳದ್ದು ಸುಮ್ಮನೆ ಕೂತ್ರೆ ಗೂಗಲ್ ಅದನ್ನು ಲೆಕ್ಕಕ್ಕೆ ತಗೊಳ್ಳುದಿಲ್ಲ. ಕೆಲವರು ಒಂದು ಅತಿಬುದ್ಧಿವಂತಿಕೆ ಮಾಡ್ತಾರೆ, ಫೋನ್ ಕೇರಳದ್ದು ಅಂತ ಕಂಡ ಕೂಡ್ಲೇ ಕೇಳದೆ ಮಲಯಾಳ ಪೇಜಿಗೆ ತಿರುಗಿಸಿ ಬಿಡುದು. ನೀರ್ಚಾಲಿನಲ್ಲಿ ಕೂತು ಕನ್ನಡ ಓದ್ಲಿಕ್ಕೆ ಬಂದವ ಎಂತ ಮಾಡ್ಬೇಕು? ಗೂಗಲ್‌ಬಾಟ್ ಸಹ ಹೆಚ್ಚಾಗಿ ಅಮೆರಿಕದಿಂದ ಬರುದು, ಅದಕ್ಕೆ ಕನ್ನಡ ಪೇಜ್ ಸಿಗದೇ ಹೋಗ್ಬಹುದು. ಮೇಲೆ ಮೂಲೆಯಲ್ಲಿ ಭಾಷೆ ಆಯ್ಕೆ ಮಾಡುವ ಲಿಂಕ್ ಕೊಟ್ರೆ ಸಾಕು.

ಭಾಷಾಂತರಕ್ಕೆ ಮಷೀನ್ ಬಳಸಿದ್ರೆ ಊರಿನವರೊಬ್ಬರಿಂದ ಓದಿಸಿ. ಎಐ ಬರೆದದ್ದು ಅನ್ನುವ ಒಂದೇ ಕಾರಣಕ್ಕೆ ಗೂಗಲ್ ಪೇಜನ್ನು ತಳ್ಳಿ ಹಾಕುದಿಲ್ಲ, ಆದ್ರೆ ರ‍್ಯಾಂಕಿಂಗಿಗೋಸ್ಕರ ರಾಶಿ ರಾಶಿ ಪೇಜ್ ಹೊಡೆದು ಹಾಕುದನ್ನು 2024ರ ಮಾರ್ಚಿನಿಂದ ನೇರವಾಗಿಯೇ ಸ್ಪ್ಯಾಮ್ ಅಂತ ಹೇಳಿದೆ. ಉಪ್ಪಳದಲ್ಲಿ ಹಪ್ಪಳ, ಕುಂಬಳೆಯಲ್ಲಿ ಹಪ್ಪಳ, ಮಂಜೇಶ್ವರದಲ್ಲಿ ಹಪ್ಪಳ ಅಂತ ಊರಿನ ಹೆಸರು ಮಾತ್ರ ಬದಲಾಯಿಸಿ ಇಪ್ಪತ್ತು ಪೇಜ್ ಮಾಡುದು ಸಹ ಅದೇ ಜಾತಿ.

ಅಂಗಡಿ, ಹೋಟೆಲ್, ಕ್ಲಿನಿಕ್, ಬೇಕಲ ಕಡೆಯ ಹೋಮ್‌ಸ್ಟೇ ಇದ್ದವರಿಗೆ ವೆಬ್‌ಸೈಟಿಗಿಂತ ಮೊದ್ಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕು, ಮ್ಯಾಪಿನಲ್ಲಿ ಕಾಣುದು ಅದೇ, ಫ್ರೀ. ಅಲ್ಲಿ ಗೂಗಲ್ ನೋಡುದು ಮೂರು, ಹುಡುಕಿದ್ದಕ್ಕೂ ನಿಮ್ಮ ಕಸುಬಿಗೂ ಸಂಬಂಧ ಉಂಟಾ, ಎಷ್ಟು ದೂರ, ಎಷ್ಟು ಹೆಸರುವಾಸಿ. ದೂರವನ್ನು ನೀವು ಎಂತ ಮಾಡ್ಲಿಕ್ಕೂ ಆಗುದಿಲ್ಲ. ಕೆಟಗರಿ ಸರಿ ಹಾಕಿ, ಟೈಮ್ ಸರಿ ಹಾಕಿ, ಹರತಾಳದ ದಿವಸ ಬಂದ್ ಅಂತ ಹಾಕ್ಲಿಕ್ಕೆ ನೆನಪಿಡಿ, ಗಿರಾಕಿಗಳ ಹತ್ರ ರಿವ್ಯೂ ಕೇಳಿ, ಆದ್ರೆ ದುಡ್ಡು ಕೊಟ್ಟು ಬರೆಸ್ಬೇಡಿ. ಅಂಗಡಿಯ ಹೆಸರಿನ ಜಾಗದಲ್ಲಿ "ಬೆಸ್ಟ್ ಹಪ್ಪಳ ಕಾಸರಗೋಡು" ಅಂತೆಲ್ಲ ತುಂಬಿಸ್ಬೇಡಿ, ಬೋರ್ಡಿನಲ್ಲಿ ಎಂತ ಉಂಟೋ ಅದೇ. ಮನೆಯಿಂದ ಮಾರುವವರು, ಚಿಕ್ಕಮ್ಮನ ಹಾಗೆ ಮನೆಗೆ ಯಾರ‍್ಯಾರೋ ಬರುದು ಬೇಡ ಅನ್ನುವವರು, ವಿಳಾಸ ಅಡಗಿಸಿ ಎಲ್ಲೆಲ್ಲಿಗೆ ತಲುಪಿಸ್ತೇವೆ ಅಂತ ಮಾತ್ರ ತೋರಿಸಬಹುದು.

ಸ್ಪೀಡಿನ ವಿಷಯದಲ್ಲಿ ಜಾಸ್ತಿ ಹೇಳ್ಲಿಕ್ಕಿಲ್ಲ. ಪೇಜಿನ ದೊಡ್ಡ ಭಾಗ 2.5 ಸೆಕೆಂಡಿನ ಒಳಗೆ ಕಂಡ್ರೆ ಒಳ್ಳೆದು ಅಂತ ಗೂಗಲ್ಲಿನ ಲೆಕ್ಕ. ಮೊಬೈಲಲ್ಲಿ ತೆಗೆದ ಐದು ಎಂಬಿ ಫೋಟೋವನ್ನು ಹಾಗೆಯೇ ಹಾಕುದು ನಿಲ್ಲಿಸಿದ್ರೆ ಅರ್ಧ ಸಮಸ್ಯೆ ಹೋಗ್ತದೆ, ಜುಲೈಯಲ್ಲಿ ನಮ್ಮ ಗುಡ್ಡೆ ಬದಿಯಲ್ಲಿ ಒಂದು ಕಡ್ಡಿ ನೆಟ್‌ವರ್ಕಿನಲ್ಲಿ ನಿಮ್ಮದೇ ಸೈಟ್ ತೆಗೆದು ನೋಡಿ ಗೊತ್ತಾಗ್ತದೆ. ಗೂಗಲ್ ಈಗ ನೋಡುದು ಸೈಟಿನ ಮೊಬೈಲ್ ರೂಪವನ್ನೇ, ಅದಕ್ಕೆ ಕಂಪ್ಯೂಟರಿನಲ್ಲಿ ಮಾತ್ರ ಚಂದ ಕಂಡ್ರೆ ಪ್ರಯೋಜನ ಇಲ್ಲ. ಎಚ್‌ಟಿಟಿಪಿಎಸ್ ಇರ್ಲಿ, ಅಂದ್ರೆ ಸೈಟಿಗೂ ನೋಡುವವನಿಗೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದದ ಹಾಗೆ ಮಾಡುವ ವ್ಯವಸ್ಥೆ, ಅದು ಈಗ ಫ್ರೀಯೇ ಸಿಗ್ತದೆ.

ಇನ್ನು ಲಿಂಕ್. ಗೂಗಲ್ 1998ರಲ್ಲಿ ಶುರು ಆಗುವಾಗ ಅದರ ಮೂಲ ಉಪಾಯ ಇದೇ ಆಗಿತ್ತು, ಒಂದು ಪೇಜಿಗೆ ಬೇರೆಯವರು ಎಷ್ಟು ಜನ ಲಿಂಕ್ ಕೊಟ್ಟಿದ್ದಾರೆ, ಕೊಟ್ಟವರು ಯಾರು. ಕುಂಬಳೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಒಳ್ಳೆ ಊಟ ಎಲ್ಲಿ ಅಂತ ಕೇಳಿ, ಮೂರು ರಿಕ್ಷಾದವರು ಒಂದೇ ಹೋಟೆಲಿನ ಹೆಸರು ಹೇಳಿದ್ರೆ ನೀವು ನಂಬ್ತೀರಿ, ಹೋಟೆಲಿನವನೇ ದುಡ್ಡು ಕೊಟ್ಟು ನಿಲ್ಲಿಸಿದ ಐವತ್ತು ಜನ ಒಟ್ಟಿಗೆ ಬೊಬ್ಬೆ ಹಾಕಿದ್ರೆ ನಂಬುದಿಲ್ಲ. 2012ರಲ್ಲಿ ಪೆಂಗ್ವಿನ್ ಅಂತ ಒಂದು ಅಪ್‌ಡೇಟ್ ತಂದು ಆ ಬೊಬ್ಬೆಯವರನ್ನು ಹಿಡೀಲಿಕ್ಕೆ ಶುರು ಮಾಡಿದ್ರು. ಅದಕ್ಕೆ "ಐನೂರು ಬ್ಯಾಕ್‌ಲಿಂಕ್ ಹಾಕಿ ಕೊಡ್ತೇವೆ" ಅಂತ ಫೋನ್ ಬಂದ್ರೆ ಕಟ್ ಮಾಡಿ. "ಗ್ಯಾರಂಟಿ ಫಸ್ಟ್ ಪೇಜ್" ಅಂದ್ರೂ ಕಟ್ ಮಾಡಿ, ಒಂದನೇ ಸ್ಥಾನಕ್ಕೆ ಗ್ಯಾರಂಟಿ ಯಾರೂ ಕೊಡ್ಲಿಕ್ಕೆ ಆಗುದಿಲ್ಲ ಅಂತ ಗೂಗಲ್ಲೇ ಬರೆದು ಹಾಕಿದೆ, ಜಾಹೀರಾತಿನ ಜಾಗ ಬಿಟ್ರೆ ದುಡ್ಡಿಗೆ ಮೇಲೆ ನಿಲ್ಲಿಸುವ ಪದ್ಧತಿ ಇಲ್ಲ. ಚಿಕ್ಕಮ್ಮನಿಗೆ ಸಿಕ್ಕಿದ ಒಳ್ಳೆ ಲಿಂಕ್ ಅಂದ್ರೆ ಹಲಸಿನ ಮೇಳದವರು ಸ್ಟಾಲಿನ ಪಟ್ಟಿ ಹಾಕುವಾಗ ಕೊಟ್ಟದ್ದು, ಮತ್ತೆ ಅಡಿಗೆ ಬಗ್ಗೆ ಬರೆಯುವ ಒಬ್ರು ಸಾಂತಾಣಿ ತಿಂದು ಖುಷಿಯಾಗಿ ಬರೆದದ್ದು.

ಸಾಂತಾಣಿ ಅಂದದ್ದಕ್ಕೆ ನೆನಪಾಯ್ತು. ಸರ್ಚ್ ಕನ್ಸೋಲಿನಲ್ಲಿ ಜನ ಎಂತ ಹುಡುಕಿದಾಗ ನಿಮ್ಮ ಪೇಜ್ ಕಂಡಿದೆ, ಎಷ್ಟು ಸಲ ಕಂಡಿದೆ, ಎಷ್ಟು ಜನ ಒತ್ತಿದ್ರು ಅಂತ 16 ತಿಂಗಳ ಲೆಕ್ಕ ಸಿಗ್ತದೆ. ನಾವು ಹಪ್ಪಳದ ಪೇಜಿಗೆ ಇಷ್ಟೆಲ್ಲ ಮಾಡಿದ್ದು, ಮೊದ್ಲು ಮೇಲೆ ಬಂದದ್ದು ಸಾಂತಾಣಿ ಪೇಜ್. ಹಪ್ಪಳ ಮಾರುವವರು ನೂರು ಜನ, ಬೇಯಿಸಿ ಉಪ್ಪು ಹಾಕಿ ಒಣಗಿಸಿದ ಹಲಸಿನ ಬೀಜದ ಬಗ್ಗೆ ಸರಿಯಾಗಿ ಬರೆದವರು ಕಮ್ಮಿ. ಸಣ್ಣ ಸೈಟಿನವರು ದೊಡ್ಡವರ ಜೊತೆ ಒಂದೇ ಪದಕ್ಕೆ ಜಗಳಕ್ಕೆ ಹೋಗುದಕ್ಕಿಂತ ಯಾರೂ ಬರೆಯದ್ದನ್ನು ಬರೆಯುದು ಲಾಭ. ಈಗ ಗೂಗಲ್ ಮೇಲೆಯೇ ಎಐ ಉತ್ತರ ಕೊಡ್ತದೆ, ಸಾಂತಾಣಿ ಅಂದ್ರೆ ಎಂತ ಅಂತ ಅದು ಹೇಳಿಯೇ ಬಿಡಬಹುದು, ಕ್ಲಿಕ್ ಸ್ವಲ್ಪ ಕಮ್ಮಿಯಾಗ್ತದೆ, ಆದ್ರೆ ತಿನ್ನುವ ಆಸೆ ಆದವ ನಮ್ಮ ಹತ್ರ ಬರ್ಲೇಬೇಕಲ್ಲ.

ಒಂದು ತಮಾಷೆ, ಚಿಕ್ಕಪ್ಪ ದಿನಾ ಬೆಳಿಗ್ಗೆ ಮನೆಯಲ್ಲೇ ಕೂತು ಹುಡುಕಿ "ನಾವು ಫಸ್ಟ್" ಅಂತ ನನಗೆ ಸ್ಕ್ರೀನ್‌ಶಾಟ್ ಕಳಿಸ್ತಾ ಇದ್ರು. ಪೆರ್ಲದಲ್ಲಿ ಕೂತು ನೋಡಿದ್ರೆ ಪೆರ್ಲದ್ದೇ ಮೇಲೆ ಬರ್ತದೆ, ಬೆಂಗಳೂರಲ್ಲಿ ಬೇರೆ. ಸರಿಯಾದ ಲೆಕ್ಕ ಸರ್ಚ್ ಕನ್ಸೋಲಿನಲ್ಲಿ ಇರುದು, ಅದೂ ಸರಾಸರಿ, ತಿಂಗಳಿಗೊಮ್ಮೆ ನೋಡಿದ್ರೆ ಸಾಕು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಪ್ಪಳ ಒಣಗುದಿಲ್ಲ, ಹಲಸು ಸಹ ಮುಗೀತು. ಸ್ಟಾಕ್ ಖಾಲಿ ಆದದ್ದೇ ಚಿಕ್ಕಮ್ಮ "ಆ ಪೇಜ್ ತೆಗೆದು ಬಿಡು, ಸುಮ್ಮನೆ ಫೋನ್ ಬರ್ತದೆ" ಅಂದ್ರು. ತೆಗೀಲಿಕ್ಕೆ ಬಿಡ್ಲಿಲ್ಲ ನಾನು. ತೆಗೆದ್ರೆ ಇಷ್ಟು ದಿವಸ ಅದಕ್ಕೆ ಬಂದ ಲಿಂಕು, ಹೆಸರು ಎಲ್ಲ ಹೋಗಿ ಮುಂದಿನ ಮಾರ್ಚಿಗೆ ಪುನಃ ಒಂದರಿಂದ ಶುರು ಮಾಡ್ಬೇಕು. ವಿಳಾಸ ಅದೇ ಇಟ್ಟು ಮೇಲೆ ಒಂದು ಸಾಲು ಹಾಕಿದೆವು, "ಈ ವರ್ಷದ್ದು ಮುಗೀತು, ಮುಂದಿನ ಹಲಸು ಆದ ಮೇಲೆ, ಅಲ್ಲಿವರೆಗೆ ಸಾಂತಾಣಿ ಉಂಟು". ಫೋನ್ ಈಗಲೂ ಬರ್ತದೆ, ಚಿಕ್ಕಮ್ಮ ಈಗ ಪುಸ್ತಕದಲ್ಲಿ ಮುಂದಿನ ವರ್ಷಕ್ಕೆ ಅಂತ ಹೆಸರು ಬರ್ಕೊಳ್ತಾ ಇದ್ದಾರೆ.